ಗೋಕಾಕದ ಖಡ್ಗಮೃಗ

ತತ್ಸಮ ಶಬ್ದಗಳ ಪಾಠ ಹೇಳುವಾಗ ನಾನು ಖಡ್ಗಮೃಗವನ್ನು ಉದಾಹರಣೆಯಾಗಿ ಕೊಟ್ಟು, ‘ಶಬ್ದವೂ ಹೊರಗಿನದು, ಪ್ರಾಣಿಯೂ ಹೊರಗಿನದು’ ಎನ್ನುತ್ತಿದ್ದೆ. ಮೊದಲನೆಯ ಮಾತು ಸರಿ, ಎರಡನೆಯದು ತಪ್ಪು. ಆ ತಪ್ಪನ್ನು ನಿವೃತ್ತಿಯ ತರುವಾಯ ಅರಿತೆ.

ಅದನ್ನು ತಿದ್ದಿದ್ದು ರಾಬರ್ಟ್ ಬ್ರೂಸ್ ಫೂಟ್ ಅವರ ಬರಹ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದ ಅವರು, 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಪ್ರಸಿದ್ಧರಾದರು. ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು ಅವರು 1874ರಲ್ಲಿ ‘ಪೇಲಿಯೊಂಟೊಲೊಜಿಯಾ ಇಂಡಿಕಾ’ ಮಾಲೆಯಲ್ಲಿ ವರ್ಣಿಸಿ, ಹೊಸ ಜಾತಿಯೆಂದು ಸಾರಿದರು. ಅದಕ್ಕಿಟ್ಟ ಹೆಸರು ‘ರೈನೊಸೆರಸ್ ಡೆಕ್ಕನೆನ್ಸಿಸ್’. ಎಂದರೆ, ದಖ್ಖನ್ನಿನ ಖಡ್ಗಮೃಗ. ಇಂದು ಅಸ್ಸಾಮಿನ ಕಾಜಿರಂಗಕ್ಕೆ ಹೋಗಿ ನೋಡಬೇಕಾದ ಪ್ರಾಣಿಯ ಬಂಧುವೊಂದು ಘಟಪ್ರಭೆಯ ಸೀಮೆಯಲ್ಲಿ ಮೇದಿತ್ತು!

ಹೊಸ ಜಾತಿಯೆಂದು ನಿರ್ಣಯಿಸುವ ಬಗೆ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಅಪರಿಚಿತವಲ್ಲ. ನಾವು ಓಲೆಪ್ರತಿಗಳನ್ನು ಎದುರುಬದುರಿಟ್ಟು ಪಾಠಾಂತರಗಳನ್ನು ಗುರುತಿಸುತ್ತೇವೆ. ಅವರು ಹಲ್ಲು ಮೂಳೆಗಳನ್ನು ತಿಳಿದ ಜಾತಿಗಳೊಡನೆ ಹೋಲಿಸುತ್ತಾರೆ. ಕಂಡ ಭೇದ ಲಿಪಿಕಾರನ ಕೈತಪ್ಪೋ, ಬೇರೆಯೇ ಪಾಠವೋ ಎಂಬುದು ನಮ್ಮ ಸಂಶಯ. ಒಂದೇ ಜಾತಿಯೊಳಗಿನ ವ್ಯತ್ಯಾಸವೋ, ಬೇರೆಯೇ ಜಾತಿಯೋ ಎಂಬುದು ಅವರದು. ಪ್ರತಿಗಳು ಕಡಿಮೆಯಾದಷ್ಟೂ ಸಂಶಯ ಹೆಚ್ಚು. ಆದ್ದರಿಂದಲೇ ಇಟ್ಟ ಹೆಸರನ್ನು ಮರುಪರಿಶೀಲಿಸುವ ಹಕ್ಕು ಮುಂದಿನ ವಿದ್ವಾಂಸರಿಗೆ ಸದಾ ಉಂಟು.

ಈ ಕಥೆ ಕೇಳಿದ ಜನ್ನಾಪುರದ ಮಿತ್ರರೊಬ್ಬರು, ‘ನಮ್ಮ ಭದ್ರಾವತಿಯ ಗುಡ್ಡಗಳನ್ನು ಅಗೆದರೂ ಇಂಥ ಮೂಳೆ ಸಿಕ್ಕೀತೆ?’ ಎಂದು ಕೇಳಿದರು. ಬಂಡೆಯಲ್ಲಿ ಸಿಕ್ಕದು. ಫೂಟ್ ಅವರೇ ‘ಧಾರವಾಡ’ ಎಂದು ಹೆಸರಿಟ್ಟ ಶಿಲಾವರ್ಗಕ್ಕೆ ಸೇರಿದ ಶಿವಮೊಗ್ಗ ಸೀಮೆಯ ಬಂಡೆಗಳಿಗೆ ಸುಮಾರು 260 ಕೋಟಿ ವರ್ಷಗಳ ಪ್ರಾಯ. ಬೆನ್ನೆಲುಬುಳ್ಳ ಪ್ರಾಣಿಗಳು ಹುಟ್ಟಿ 50 ಕೋಟಿ ವರ್ಷಗಳ ಆಚೀಚೆ. ಈ ಬಂಡೆಗಳಲ್ಲಿರುವುದು ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳು. ಗೋಕಾಕದ ಮೂಳೆಗಳಾದರೋ ತೀರ ಈಚಿನ, ಪ್ಲೀಸ್ಟೊಸೀನ್ ಕಾಲದವು.

ಆ ಪ್ರಾಣಿಯನ್ನು ನಮ್ಮ ಕವಿಗಳು ಕಂಡಿದ್ದರೆಂದು ನಾನು ಹೇಳುತ್ತಿಲ್ಲ. ಒಂದು ತಪ್ಪನ್ನು ಇನ್ನೊಂದರಿಂದ ತಿದ್ದಲಾಗದು. ಆದರೆ ಶಬ್ದದ ಮೂಲವನ್ನು ಹಿಡಿದು ವಸ್ತುವಿನ ಮೂಲವನ್ನು ಹೇಳಬಾರದೆಂಬುದನ್ನು ಗೋಕಾಕದ ಮಣ್ಣು ಈ ಕನ್ನಡ ಮೇಷ್ಟರಿಗೆ ಕಲಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಮಾತುಗಳನ್ನು ಕೇಳುತ್ತಿದ್ದರೆ, ದಯವಿಟ್ಟು ಅಂದಿನ ಟಿಪ್ಪಣಿಯನ್ನು ತಿದ್ದಿಕೊಳ್ಳಬೇಕು.