ಕಾಯಕದ ತಾಣವೂ ಮನೆಯಂತೆ ನಿರ್ಮಲವಾಗಿರಲಿ
(ದುರ್ವಾಸನೆಯ ನಿವಾರಣೆಗೆ ಕೆಲವು ಸೂಚನೆಗಳು)

ಬೆಳಗ್ಗೆ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿದ ನಂತರವೇ ಉಳಿದ ಕೆಲಸಗಳಿಗೆ ಕೈಹಾಕುವುದು ನಮ್ಮ ನಾಡಿನ ಮನೆಗಳ ಪದ್ಧತಿ. ಮನೆಯೊಳಗೆ ಒಂದಿಷ್ಟು ಕೆಟ್ಟ ವಾಸನೆ ಸುಳಿದರೂ ಅದು ಎಲ್ಲಿಂದ ಬಂದಿತೆಂದು ಹುಡುಕಿ ತೆಗೆಯುವವರೆಗೆ ಗೃಹಿಣಿಗೆ ಸಮಾಧಾನವಿರುವುದಿಲ್ಲ. ಆದರೆ ದಿನದ ಎಂಟು ಒಂಬತ್ತು ತಾಸುಗಳನ್ನು ನಾವು ಕಳೆಯುವ ಕಚೇರಿ, ಅಂಗಡಿ, ಬ್ಯಾಂಕು, ಶಿಕ್ಷಕರ ಕೊಠಡಿ, ಹೊಲಿಗೆ ಘಟಕ ಮೊದಲಾದ ಕಡೆಗಳಲ್ಲಿ ದುರ್ವಾಸನೆ ಬಂದರೆ ಮೂಗಿಗೆ ಕರವಸ್ತ್ರ ಹಿಡಿದು ಸುಮ್ಮನಾಗುತ್ತೇವೆ. ಹತ್ತು ಜನರಿಗೆ ಸೇರಿದ ಜಾಗ ಯಾರಿಗೂ ಸೇರದ ಜಾಗವಾಗಿಬಿಡುವುದೇ ಇದಕ್ಕೆ ಮುಖ್ಯ ಕಾರಣ.

ಇದನ್ನು ಕೇವಲ ಮೂಗಿನ ಕಿರಿಕಿರಿಯೆಂದು ತಳ್ಳಿಹಾಕುವಂತಿಲ್ಲ. ಶೌಚಾಲಯ ನಾರುತ್ತದೆಂಬ ಒಂದೇ ಕಾರಣಕ್ಕೆ ಮನೆ ಬಿಟ್ಟ ಹೊತ್ತಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ದುಡಿಯುವ ಹೆಣ್ಣುಮಕ್ಕಳು ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಇದರ ಫಲವಾಗಿ ತಲೆನೋವು, ಮಲಬದ್ಧತೆ, ಮೂತ್ರನಾಳದ ಸೋಂಕು ಅವರನ್ನು ಕಾಡುತ್ತವೆ. ಇನ್ನೊಂದೆಡೆ, ಮೈವಾಸನೆಯ ಅಥವಾ ಊಟದ ಬುತ್ತಿಯ ಕಾರಣಕ್ಕೆ ಜೊತೆಗಾರರ ನಗೆಗೆ ಗುರಿಯಾಗಿ ಒಳಗೊಳಗೇ ಕುಗ್ಗುವವರೂ ಉಂಟು. ಆರೋಗ್ಯ ಮತ್ತು ಮಾನ ಎರಡೂ ಈ ಚಿಕ್ಕ ವಿಷಯದೊಳಗೆ ಅಡಗಿರುವುದರಿಂದ ಇದನ್ನು ಕುರಿತು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡಬಯಸುತ್ತೇವೆ.

ಮೂಗಿನ ಸ್ವಭಾವ

ವಾಸನೆಯೆಂದರೆ ಒಂದು ವಸ್ತುವಿನಿಂದ ಗಾಳಿಗೆ ಹಾರಿ ಬಂದ ಅತಿ ಸೂಕ್ಷ್ಮ ಕಣಗಳು. ಮೂಗಿನ ಮೇಲ್ಭಾಗದ ಜೀವಕೋಶಗಳಲ್ಲಿರುವ ಗ್ರಾಹಕಗಳು ಅವುಗಳನ್ನು ಗುರುತಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆಯವು. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮೂಗಿಗೆ ಒಂದು ವಿಶೇಷ ಸ್ವಭಾವವಿದೆ. ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಕುಳಿತರೆ ಅದು ಆ ವಾಸನೆಗೆ ಒಗ್ಗಿಹೋಗುತ್ತದೆ. ಆದ್ದರಿಂದಲೇ ಒಳಗೆ ಕುಳಿತವರಿಗೆ ಏನೂ ತಿಳಿಯದಿದ್ದರೂ ಹೊರಗಿನಿಂದ ಬಂದ ಗಿರಾಕಿ ಬಾಗಿಲಲ್ಲಿಯೇ ಮುಖ ಕಿವುಚುತ್ತಾನೆ. ಕಚೇರಿಯ ನಿಜಸ್ಥಿತಿ ತಿಳಿಯಬೇಕಾದರೆ ರಜೆ ಕಳೆದು ಬಾಗಿಲು ತೆರೆದ ಮೊದಲ ಕ್ಷಣದಲ್ಲಿ ಗಮನಿಸಬೇಕು. ಇಲ್ಲವೇ ಹೊರಗಿನವರನ್ನು ಕೇಳಬೇಕು. “ನಮಗೇನೂ ಬರುವುದಿಲ್ಲವಲ್ಲ” ಎಂಬ ಮಾತನ್ನು ಪ್ರಮಾಣವಾಗಿ ಹಿಡಿಯತಕ್ಕದ್ದಲ್ಲ.

ಲಂಡನ್ನಿನ ಒಂದು ಪಾಠ

ದುರ್ವಾಸನೆಯ ಮೇಲೆ ಸುವಾಸನೆಯನ್ನು ಹೊದಿಸುವುದು ಎಲ್ಲರೂ ಮೊದಲು ಮಾಡುವ ಉಪಾಯ. ಇದು ಎಷ್ಟು ವ್ಯರ್ಥವೆಂಬುದಕ್ಕೆ ಇತಿಹಾಸದಲ್ಲಿಯೇ ಸಾಕ್ಷಿಯಿದೆ. 1858ರ ಬೇಸಿಗೆಯಲ್ಲಿ ಲಂಡನ್ ನಗರದ ಹೊಲಸೆಲ್ಲ ಸೇರಿದ ಥೇಮ್ಸ್ ನದಿ ಬಿಸಿಲಿಗೆ ನಾರತೊಡಗಿತು. ನದಿಯ ದಡದಲ್ಲಿಯೇ ಇದ್ದ ಪಾರ್ಲಿಮೆಂಟ್ ಭವನದಲ್ಲಿ ಸದಸ್ಯರು ಕುಳಿತುಕೊಳ್ಳುವುದೇ ಕಷ್ಟವಾಯಿತು. ಕಿಟಕಿಯ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಹೊಸ ಒಳಚರಂಡಿಗಳಿಗೆ ಹಣ ಒದಗಿಸುವ ಮಸೂದೆ ಕೇವಲ 18 ದಿನಗಳಲ್ಲಿ ಅಂಗೀಕಾರವಾಯಿತು. ಜೋಸೆಫ್ ಬ್ಯಾಜಲ್ಗೆಟ್ ಎಂಬ ಇಂಜಿನಿಯರರು ಹೊಲಸನ್ನು ನಗರದಾಚೆಗೆ ಒಯ್ಯುವ ಬೃಹತ್ ಕಾಲುವೆಗಳನ್ನು ಕಟ್ಟಿಸಿದ ಮೇಲೆಯೇ ನದಿ ಸುಧಾರಿಸಿತು. ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಕೆಲಸ, ಆಳುವವರ ಮೂಗಿಗೇ ನಾತ ತಟ್ಟಿದಾಗ ಮೂರು ವಾರಗಳೊಳಗೆ ತೀರ್ಮಾನಗೊಂಡಿತೆಂಬುದು ಗಮನಾರ್ಹ.

ನಮ್ಮ ಕಚೇರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೊದಲು ಮೂಲವನ್ನು ಹುಡುಕಬೇಕು, ಅದನ್ನು ತೆಗೆಯಬೇಕು, ನಂತರ ಗಾಳಿ ಆಡಲು ಬಿಡಬೇಕು. ಸುಗಂಧವೇನಿದ್ದರೂ ಕೊನೆಯದು, ಅದೂ ಅಗತ್ಯವಿದ್ದರೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ಹೊಗೆ ಅಥವಾ ಸುಗಂಧದ ಸಿಂಪಡಣೆ ಉಬ್ಬಸವಿರುವವರಿಗೆ ಹೊಸ ತೊಂದರೆಯನ್ನೇ ತಂದೊಡ್ಡಬಲ್ಲದು.

ಶೌಚಾಲಯದಿಂದಲೇ ಆರಂಭಿಸೋಣ

ಆಗತಾನೆ ವಿಸರ್ಜಿಸಿದ ಮೂತ್ರಕ್ಕೆ ಅಷ್ಟೇನೂ ಕಟುವಾದ ವಾಸನೆಯಿಲ್ಲ. ಅದರಲ್ಲಿರುವ ಯೂರಿಯಾ ಎಂಬ ವಸ್ತುವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡಿದಾಗ ಕಣ್ಣು ಮೂಗು ಉರಿಸುವ ನಾತ ಹುಟ್ಟುತ್ತದೆ. ತೊಟ್ಟಿಯ ಮೇಲೆ ಮತ್ತು ಕೊಳವೆಯೊಳಗೆ ಕಟ್ಟುವ ಹಳದಿ ಬಣ್ಣದ ಹಕ್ಕಳೆ ಈ ಬ್ಯಾಕ್ಟೀರಿಯಾಗಳ ಮನೆ. ಮೇಲೆ ಎಷ್ಟು ಫಿನಾಯಿಲ್ ಸುರಿದರೂ ಆ ಹಕ್ಕಳೆ ಇರುವವರೆಗೆ ವಾಸನೆ ಹೋಗದು. ವಾರಕ್ಕೊಮ್ಮೆ ನಿಂಬೆ ಉಪ್ಪಿನ ದ್ರಾವಣವನ್ನಾಗಲಿ ಶೌಚಾಲಯಕ್ಕೆಂದೇ ಇರುವ ಆಮ್ಲದ ದ್ರವವನ್ನಾಗಲಿ ಹಾಕಿ, ಅರ್ಧ ಗಂಟೆ ಬಿಟ್ಟು, ಬ್ರಶ್ಶಿನಿಂದ ತಿಕ್ಕಿ ತೊಳೆದರೆ ಅದು ಕರಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಆಮ್ಲದ ದ್ರವವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಬಳಸಕೂಡದು. ಅವೆರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. “ಎರಡೂ ಹಾಕಿದರೆ ಇನ್ನೂ ಚೊಕ್ಕಟವಾದೀತು” ಎಂಬ ಎಣಿಕೆ ಶುಚಿ ಮಾಡುವವರ ಜೀವಕ್ಕೇ ಮುಳುವಾದೀತು.

ಎಲ್ಲವೂ ತೊಳೆದಿದ್ದರೂ ಚರಂಡಿಯ ನಾತ ಬರುತ್ತಿದ್ದರೆ ನೆಲದ ಜಾಲರಿಯ ಕಡೆಗೆ ನೋಡಬೇಕು. ಜಾಲರಿಯ ಕೆಳಗೆ ಬಾಗಿದ ಕೊಳವೆಯೊಂದಿದ್ದು, ಅದರಲ್ಲಿ ಸುಮಾರು 2 ಅಂಗುಲದಷ್ಟು ನೀರು ಸದಾ ನಿಂತಿರುತ್ತದೆ. ಚರಂಡಿಯ ಅನಿಲ ಮೇಲೇರದಂತೆ ತಡೆಯುವುದು ಈ ನೀರೇ. ಈ ಬಾಗಿದ ಕೊಳವೆಗೆ 1775ರಲ್ಲಿ ಹಕ್ಕುಪತ್ರ ಪಡೆದ ಅಲೆಕ್ಸಾಂಡರ್ ಕಮಿಂಗ್ ವೃತ್ತಿಯಿಂದ ಗಡಿಯಾರ ತಯಾರಕರು. ಬೇಸಿಗೆಯಲ್ಲಿ ನಾಲ್ಕಾರು ದಿನ ಕಚೇರಿ ಮುಚ್ಚಿದ್ದರೆ, ಅಥವಾ ಬಳಕೆಯಿಲ್ಲದ ಮೂಲೆಯ ಜಾಲರಿಯಾಗಿದ್ದರೆ, ಆ ನೀರು ಆರಿಹೋಗಿ ಅನಿಲಕ್ಕೆ ದಾರಿ ತೆರೆಯುತ್ತದೆ. ಪರಿಹಾರಕ್ಕೆ ಕಾಸೂ ಖರ್ಚಿಲ್ಲ: ವಾರಕ್ಕೊಮ್ಮೆ ಒಂದೆರಡು ತಂಬಿಗೆ ನೀರು ಸುರಿದರಾಯಿತು. ದೀರ್ಘ ರಜೆಯ ಮುನ್ನ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ.

ಗಾಳಿ ಹೊರಹಾಕುವ ಫ್ಯಾನ್ ಕೂರಿಸಿದಾಗ ಬಾಗಿಲ ಕೆಳಗೆ ಸಂದು ಅಥವಾ ಜಾಲಂಧ್ರವನ್ನೂ ಇರಿಸಬೇಕು. ಹೊಸ ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನು ಆರಿದ ಜಾಲರಿಯ ಮೂಲಕ ಚರಂಡಿಯ ಗಾಳಿಯನ್ನೇ ಮೇಲಕ್ಕೆ ಸೆಳೆಯುತ್ತದೆ. ಫ್ಯಾನು ತಿರುಗಿದಷ್ಟೂ ನಾತ ಹೆಚ್ಚಾಗುವ ಕಚೇರಿಗಳ ಗುಟ್ಟು ಸಾಮಾನ್ಯವಾಗಿ ಇದೇ.

ತೇವ, ಬೂಷ್ಟು ಮತ್ತು ಎ.ಸಿ.

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ಕಚೇರಿಗಳಿಗೆ ಮುಗ್ಗಲು ವಾಸನೆ ತಪ್ಪಿದ್ದಲ್ಲ. ಗೋಡೆಗೆ ಒತ್ತಿಕೊಂಡ ಬೀರು, ಹಳೆಯ ಕಡತಗಳ ಗಂಟು, ನೆನೆದ ಗೋಣಿಚೀಲದ ಕಾಲೊರಸು, ಮೂಲೆಯಲ್ಲಿಟ್ಟ ಒದ್ದೆ ಛತ್ರಿ ಇವೆಲ್ಲ ಬೂಷ್ಟಿನ ತವರು. ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿರಿಸುವುದು, ಛತ್ರಿ ಮತ್ತು ರೇನ್‌ಕೋಟುಗಳಿಗೆ ಹೊರಗೆ ಸ್ಥಳ ಮಾಡುವುದು, ಬಿಸಿಲು ಬಿದ್ದ ದಿನ ಕಡತಗಳಿಗೂ ಕಾಲೊರಸುಗಳಿಗೂ ಬಿಸಿಲು ಕಾಣಿಸುವುದು ಅಗತ್ಯ. ಗೋಡೆಯೇ ನೀರು ಕುಡಿಯುತ್ತಿದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಬಣ್ಣ ಬಳಿದು ಮುಚ್ಚಿದರೆ ಬೂಷ್ಟು ಮತ್ತೆ ಮೇಲೆದ್ದು ಬರುತ್ತದೆ. ಬೀರುವಿನಲ್ಲಿ ಡಾಂಬರು ಗುಳಿಗೆ ಇಡುವವರು ಅದರ ಆವಿಯನ್ನು ದಿನವಿಡೀ ಉಸಿರಾಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂಬುದನ್ನು ನೆನಪಿಡಬೇಕು.

ಎ.ಸಿ. ಯಂತ್ರವನ್ನು ಕುರಿತು ಅನೇಕರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಗೋಡೆಗೆ ಕೂರಿಸುವ ಸಾಮಾನ್ಯ ಎ.ಸಿ. ಹೊರಗಿನ ಗಾಳಿಯನ್ನು ತರುವುದಿಲ್ಲ. ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಅದರ ಜಾಳಿಗೆಯನ್ನು ತೊಳೆದು ಒಣಗಿಸಬೇಕು, ನೀರು ಬಸಿಯುವ ತಟ್ಟೆ ಮತ್ತು ಕೊಳವೆಗಳನ್ನು ಆಗಾಗ ಶುಚಿ ಮಾಡಿಸಬೇಕು. ಬೆಳಗ್ಗೆ ಯಂತ್ರ ಹಾಕುವ ಮುನ್ನ ಮತ್ತು ಊಟದ ನಂತರ ಕಾಲು ಗಂಟೆ ಎದುರುಬದುರಿನ ಕಿಟಕಿಗಳನ್ನು ತೆರೆದಿಡುವುದು ಎಲ್ಲ ಸುಗಂಧಗಳಿಗಿಂತ ಮಿಗಿಲಾದ ಉಪಾಯ. ಜನ ಕಿಕ್ಕಿರಿದ ಕೋಣೆಯಲ್ಲಿ ಯಾವ ಉಪಾಯವೂ ಫಲಿಸದು. 1948ರ ಕಾರ್ಖಾನೆ ಕಾಯಿದೆಯು ಹೊಸ ಕಾರ್ಖಾನೆಗಳಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ 14.2 ಘನ ಮೀಟರ್ ಸ್ಥಳಾವಕಾಶವಿರಬೇಕೆಂದು ವಿಧಿಸಿದ್ದುದರ ಹಿಂದೆ ಈ ವಿವೇಕವಿತ್ತು.

ಊಟದ ಬುತ್ತಿ

ಊಟದ ವಾಸನೆಯ ವಿಷಯ ಬಹಳ ಸೂಕ್ಷ್ಮವಾದದ್ದು. ನಮ್ಮ ಬೆಳ್ಳುಳ್ಳಿ ಚಟ್ನಿಯ ಪರಿಮಳಕ್ಕೆ ನಮ್ಮ ಬಾಯಲ್ಲಿ ನೀರೂರಿದರೆ ಪಕ್ಕದವರಿಗೆ ಅದು ಘಾಟು. ಪಕ್ಕದವರ ಮೀನಿನ ಸಾರು ನಮಗೆ ಸಹಿಸಲಾಗದಿದ್ದರೂ ಅವರಿಗೆ ಅದು ತಾಯಿಯ ಕೈ ಅಡುಗೆ. ಹಳಸಿದ ಅನ್ನ ಎಲ್ಲರಿಗೂ ದುರ್ವಾಸನೆಯೇ. ಆದರೆ ಒಬ್ಬರು ಪ್ರೀತಿಯಿಂದ ಉಣ್ಣುವ ತಾಜಾ ಅನ್ನವನ್ನು ದುರ್ವಾಸನೆಯೆಂದು ಹಳಿಯುವ ಹಕ್ಕು ಯಾರಿಗೂ ಇಲ್ಲ. ಬುತ್ತಿಯ ನೆಪದಲ್ಲಿ ಜಾತಿ ಕುಲಗಳನ್ನು ಎಣಿಸುವ ಕಟುಮಾತು ಯಾವ ನಾತಕ್ಕಿಂತಲೂ ಹೇಯವಾದದ್ದೆಂದು ನಾವು ಭಾವಿಸುತ್ತೇವೆ.

ಉಣ್ಣುವ ಸ್ಥಳವನ್ನು ಕೆಲಸದ ಮೇಜಿನಿಂದ ಬೇರ್ಪಡಿಸಿ ಅಲ್ಲಿ ಕಿಟಕಿಯೊಂದಿರುವಂತೆ ನೋಡಿಕೊಂಡರೆ ಈ ಸಮಸ್ಯೆ ಮುಕ್ಕಾಲು ಪಾಲು ತೀರುತ್ತದೆ. ಮೀನಿನ ವಾಸನೆಗೆ ಕಾರಣವಾದ ಅಮೈನ್ ಎಂಬ ಕ್ಷಾರಗುಣದ ವಸ್ತುವನ್ನು ಹುಳಿ ಅಡಗಿಸುತ್ತದೆ. ಆದ್ದರಿಂದ ಪಾತ್ರೆಗಳನ್ನೂ ಮೇಜನ್ನೂ ನಿಂಬೆಹಣ್ಣಿನ ಹೋಳಿನಿಂದ ಉಜ್ಜಿದರೆ ಸಾಕು. ಹುಳಿತ ಹಾಲಿನ ವಾಸನೆ ಆಮ್ಲಗುಣದ್ದು. ಅದಕ್ಕೆ ಅಡುಗೆ ಸೋಡಾ ತಕ್ಕ ಮದ್ದು. ಎಲ್ಲರೂ ಬಳಸುವ ಫ್ರಿಜ್ಜಿನಲ್ಲಿಟ್ಟ ಡಬ್ಬಿಗಳ ಮೇಲೆ ಹೆಸರು, ದಿನಾಂಕ ಬರೆಯುವ ರೂಢಿಯನ್ನು ತಂದು, ಶನಿವಾರ ಸಂಜೆ ಉಳಿದುದನ್ನೆಲ್ಲ ಹೊರತೆಗೆಯಬೇಕು. ಕಸದ ಬುಟ್ಟಿಯನ್ನು ದಿನವೂ ಬರಿದು ಮಾಡಬೇಕು. ಹಸಿ ಕಸ ರಾತ್ರಿ ಒಳಗೆ ಉಳಿಯಕೂಡದು.

ಮೈವಾಸನೆ ಮತ್ತು ಮೆಲುಮಾತು

ಬೆವರಿಗೆ ಸ್ವತಃ ಹೆಚ್ಚಿನ ವಾಸನೆಯಿಲ್ಲ. ಕಂಕುಳಲ್ಲಿಯೂ ಪಾದಗಳಲ್ಲಿಯೂ ಇರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ನಿತ್ಯ ಸ್ನಾನ, ಚೆನ್ನಾಗಿ ಒಣಗಿದ ಹತ್ತಿಯ ಬಟ್ಟೆ, ದಿನ ಬಿಟ್ಟು ದಿನ ಬದಲಿಸುವ ಬೂಟು, ದಿನವೂ ಒಗೆದ ಕಾಲುಚೀಲ ಇವಿಷ್ಟೇ ಹೆಚ್ಚಿನವರಿಗೆ ಸಾಕು. ಬೆಳ್ಳುಳ್ಳಿಯ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುವುದರಿಂದ ಹಲ್ಲುಜ್ಜಿದ ಮಾತ್ರಕ್ಕೆ ಅದು ಹೋಗದು. ಊಟದೊಡನೆ ಪುದೀನ, ಸೇಬು ಅಥವಾ ಹಾಲು ಸೇವಿಸಿದರೆ ತಗ್ಗುತ್ತದೆ.

ಎಲ್ಲ ಮೈವಾಸನೆಯೂ ಅಶುಚಿಯ ಗುರುತಲ್ಲ. ಸಿಹಿಮೂತ್ರ ರೋಗ ಉಲ್ಬಣಿಸಿದಾಗ ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮೂತ್ರಪಿಂಡಗಳು ಸೋತಾಗ ಅಮೋನಿಯಾದ ವಾಸನೆ ಬರುವುದುಂಟು. ಅಂಥವರಿಗೆ ಬೇಕಾದುದು ವೈದ್ಯರ ಸಹಾಯ.

ಹೇಳಲೇಬೇಕಾದ ಸಂದರ್ಭ ಬಂದರೆ ಒಬ್ಬರೇ, ಏಕಾಂತದಲ್ಲಿ, ಅವರಿಗೆ ಆಪ್ತರಾದವರ ಮೂಲಕ ಹೇಳುವುದು ಸೌಜನ್ಯ. “ಅಕ್ಕ, ತಪ್ಪು ತಿಳಿಯಬೇಡಿ, ನಿಮ್ಮ ತಂಗಿ ಹೇಳಿದಳೆಂದುಕೊಳ್ಳಿ” ಎಂದು ಆರಂಭಿಸಿದ ಮಾತು ನೋಯಿಸುವುದಿಲ್ಲ. ಮೇಜಿನ ಮೇಲೆ ಹೆಸರಿಲ್ಲದ ಚೀಟಿ, ಸಾಬೂನಿನ ಉಡುಗೊರೆ, ಬೆನ್ನ ಹಿಂದಿನ ನಗೆ ಇವು ಮನಸ್ಸಿಗೆ ಆಗುವ ಗಾಯವನ್ನು ಹೆಚ್ಚಿಸುತ್ತವೆ.

ಎಚ್ಚರಿಸುವ ವಾಸನೆಗಳು

ಕೆಲವು ವಾಸನೆಗಳನ್ನು ಅಡಗಿಸಲು ಹೋಗದೆ ಕೂಡಲೇ ಮೂಲ ಹುಡುಕಬೇಕು. ಅಡುಗೆ ಅನಿಲಕ್ಕೆ ಸಹಜವಾದ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಕಟುವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಅದು ಬಂದಾಗ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಬಂದು 1906 ಸಂಖ್ಯೆಗೆ ಕರೆ ಮಾಡಬೇಕು. ಸ್ವಿಚ್ ಬೋರ್ಡಿನ ಬಳಿ ಸುಟ್ಟ ಅಥವಾ ಮೀನಿನಂಥ ವಾಸನೆ ಬಂದರೆ ತಂತಿ ಕಾದಿದೆಯೆಂದು ಅರ್ಥ.

ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಚರಂಡಿಯಲ್ಲಿಯೂ ಮಲಗುಂಡಿಯಲ್ಲಿಯೂ ಹುಟ್ಟುವ ವಿಷಾನಿಲ. ಅದರ ಪ್ರಮಾಣ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗದಷ್ಟಾದರೆ ಮೂಗಿನ ಶಕ್ತಿಯೇ ಕುಂದುತ್ತದೆ. ವಾಸನೆ ನಿಂತಿತೆಂದು ಇಳಿದವನು ಮೇಲೆ ಬರುವುದಿಲ್ಲ. ಕಟ್ಟಿಕೊಂಡ ಗುಂಡಿಗೆ ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇಂಥ ಸಾವಿಗೆ ಕನಿಷ್ಠ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಹೋದ ಜೀವವನ್ನು ಯಾವ ಹಣವೂ ತಾರದು. ಯಂತ್ರದ ಗಾಡಿಯನ್ನು ಕರೆಸಿರಿ; ನಮ್ಮ ಮೂಗಿನ ಸುಖಕ್ಕಾಗಿ ಇನ್ನೊಬ್ಬರ ಉಸಿರು ನಿಲ್ಲಬಾರದು.

ಕೊನೆಯದಾಗಿ

ಶುಚಿ ಮಾಡುವ ತಾಯಂದಿರಿಗೂ ಅಣ್ಣಂದಿರಿಗೂ ಕೈಗವಸು, ಬೂಟು, ಸಾಕಷ್ಟು ನೀರು, ಸಕಾಲಕ್ಕೆ ಸಂಬಳ ಇವನ್ನು ಒದಗಿಸುವುದು ಸಂಸ್ಥೆಯ ಹೊಣೆ. ತಾನು ಬಳಸಿದ ಸ್ಥಳಕ್ಕೆ ನೀರು ಹಾಕುವುದು, ಮೂಲೆಯಲ್ಲಿ ಎಲೆ ಅಡಿಕೆ ಉಗುಳದಿರುವುದು ಪ್ರತಿಯೊಬ್ಬನ ಹೊಣೆ. ಜಾಲರಿಗೆ ನೀರು, ಫ್ರಿಜ್ಜಿನ ಶುಚಿ, ಎ.ಸಿ.ಯ ಜಾಳಿಗೆ ಎಂಬ ಮೂರು ಕೆಲಸಗಳಿಗೆ ಸರದಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ಅದರಲ್ಲಿ ಮೊದಲ ಹೆಸರು ಮುಖ್ಯಸ್ಥರದ್ದಾಗಿರಲಿ. ಆಗ ಉಳಿದವರು ತಾವಾಗಿ ಕೈಜೋಡಿಸುವರು. ಓದುಗ ಬಂಧುಗಳು ತಮ್ಮ ತಮ್ಮ ಕಚೇರಿಗಳಲ್ಲಿ ಈ ತಿಂಗಳೇ ಇದನ್ನು ಆರಂಭಿಸಲೆಂದು ಹಾರೈಸುತ್ತೇವೆ. ದುಡಿಯಲು ಹೋದ ನಮ್ಮ ಮಗಳು ಬಾಯಾರಿದಾಗ ಅಂಜಿಕೆಯಿಲ್ಲದೆ ಒಂದು ಲೋಟ ನೀರು ಕುಡಿಯುವಂತಾದರೆ ಈ ಶ್ರಮ ಸಾರ್ಥಕ.