ದನದ ಡಾಕ್ಟ್ರು

ಕರು ಹಾಕಿ ಎರಡು ದಿನವೂ ಆಗಿಲ್ಲ, ಹಸು ಮಲಗಿದ್ದು ಮೇಲೇಳುತ್ತಿಲ್ಲ. ಕುತ್ತಿಗೆಯನ್ನು ಪಕ್ಕೆಗೆ ಆನಿಸಿ ಮಂಕಾಗಿ ಬಿದ್ದಿದೆ. ಕಿವಿ ಮುಟ್ಟಿದರೆ ತಣ್ಣಗೆ. ಆದರೂ ಈ ಕಾಯಿಲೆಗೆ ಹಾಲುಜ್ವರ ಎಂದೇ ಹೆಸರು! ಕೆಚ್ಚಲಿಗೆ ಹಾಲಿಳಿಯುವ ಭರದಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದಿರುತ್ತದೆ. ಪಶುವೈದ್ಯರು ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾರೆ. ನಿಧಾನವಾಗಿ, ಎದೆಬಡಿತ ಆಲಿಸುತ್ತ. ಅವಸರಪಟ್ಟರೆ ಹೃದಯವೇ ನಿಂತೀತು. ಬಾಟಲಿ ಖಾಲಿಯಾಗುವಷ್ಟರಲ್ಲಿ ಹಸು ತೇಗುತ್ತದೆ, ಸಗಣಿ ಹಾಕುತ್ತದೆ, ಹಲವು ಸಲ ಅಲ್ಲೇ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಕೊಟ್ಟಿಗೆಯವರ ಪಾಲಿಗೆ ದನದ ಡಾಕ್ಟ್ರು ದೇವರು. ಅದೇ ಹೆಸರು ಪೇಟೆಯ ಮದುವೆಮನೆಯಲ್ಲಿ ಹಗುರವಾಗಿ ಕೇಳಿಸುವುದು ಬೇರೆ ಮಾತು.

ಪಿಯುಸಿಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಓದಿದವರಿಗೆ ಈ ದಾರಿ ತೆರೆದಿದೆ. ಬಿ.ವಿ.ಎಸ್ಸಿ. ಪದವಿಗೆ ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. 1958ರಲ್ಲಿ ಶುರುವಾದ ಹೆಬ್ಬಾಳದ ಕಾಲೇಜು ರಾಜ್ಯದಲ್ಲಿ ಹಿರಿಯದು. ಬೀದರ್, ಶಿವಮೊಗ್ಗ, ಹಾಸನಗಳಲ್ಲೂ ಇವೆ. ಹೆಬ್ಬಾಳಕ್ಕೆ ಇನ್ನೂ ಹಳೆಯ ನಂಟಿದೆ. ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿದ್ದ ಕಾಲದಲ್ಲಿ, 1925ರಲ್ಲಿ, ಮೈಸೂರು ಸಂಸ್ಥಾನದ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಇಲ್ಲೇ. ಆ ರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು.

ಎಂಬಿಬಿಎಸ್ ಸೀಟು ತಪ್ಪಿ ಬಂದೆವು ಎನ್ನುವ ವಿದ್ಯಾರ್ಥಿಗಳೂ ಉಂಟು. ಅಲ್ಲಿ ಕಲಿಯಬೇಕಾದ್ದು ಒಂದೇ ದೇಹ. ಇಲ್ಲಿ ಮೆಲುಕು ಹಾಕುವ ಹಸುವಿನ ನಾಲ್ಕು ಕೋಣೆಯ ಹೊಟ್ಟೆ, ವಾಂತಿ ಮಾಡಲಾಗದ ಕುದುರೆ, ಹಲ್ಲಿಲ್ಲದ ಕೋಳಿ, ಎಲ್ಲವೂ. ಪುಸ್ತಕ ಒಂದು ಹಂತದವರೆಗೆ ಮಾತ್ರ. ಗಬ್ಬ ನಿಂತಿದೆಯೇ ಎಂದು ತಿಳಿಯಲು ಹೆಗಲುದ್ದದ ಕೈಗವಸು ತೊಟ್ಟು ಗುದದ್ವಾರದ ಮೂಲಕ ಕೈಹಾಕಿ, ಗರ್ಭಕೋಶವನ್ನು ಬೆರಳ ತುದಿಯಿಂದ ಓದಬೇಕು. ಹೊಸಬರ ಬೆರಳಿಗೆ ಮೊದಮೊದಲು ಸಗಣಿಯ ಹೊರತು ಏನೂ ಸಿಗದು.

ಕೈಗವಸಿಗೆ ಇನ್ನೊಂದು ಕಾರಣವೂ ಇದೆ. ಕಂದು ಹಾಕಿದ ಹಸುವಿನ ಮಾಸು ತೆಗೆಯುವಾಗ ಬ್ರುಸೆಲ್ಲೋಸಿಸ್ ಅಂಟಿದರೆ ವೈದ್ಯರೇ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವುಗಳಿಂದ ನರಳಬೇಕಾಗುತ್ತದೆ.

ಈಗ ಅನೇಕರಿಗೆ ನಗರದ ನಾಯಿ-ಬೆಕ್ಕುಗಳ ಕ್ಲಿನಿಕ್ಕೇ ಕನಸು. ತಪ್ಪೇನಿಲ್ಲ, ಅಲ್ಲಿ ಸ್ಕ್ಯಾನಿಂಗ್ ಇದೆ, ಬಿಲ್ ಕಟ್ಟುವವರಿದ್ದಾರೆ. ಆದರೆ ಈ ವೃತ್ತಿಯ ಕಷ್ಟದ ಪಾಠ ಹಳ್ಳಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಮನುಷ್ಯರ ಆಸ್ಪತ್ರೆಯಲ್ಲಿ ರೋಗಿಯ ಮಾರುಕಟ್ಟೆ ಬೆಲೆ ಯಾರೂ ಕೇಳುವುದಿಲ್ಲ. ಇಲ್ಲಿ ಔಷಧಿಯ ಖರ್ಚು ಹಸುವಿನ ಬೆಲೆಯನ್ನು ಮೀರುತ್ತದೆಯೇ ಎಂಬ ಲೆಕ್ಕ ಚೀಟಿ ಬರೆಯುವ ಮೊದಲೇ ಡಾಕ್ಟ್ರ ತಲೆಯಲ್ಲಿ ಓಡುತ್ತಿರುತ್ತದೆ. "ಉಳ್ಕೊಳ್ಳುತ್ತಾ ಸಾರ್?" ಎಂದು ರೈತ ಕೇಳುತ್ತಾನೆ. ಡಾಕ್ಟ್ರು ತಕ್ಷಣ ಉತ್ತರಿಸುವುದಿಲ್ಲ. "ಎಷ್ಟನೇ ಸೂಲು? ಹಾಲೆಷ್ಟು ಕೊಡ್ತಿತ್ತು?" ಎನ್ನುತ್ತಾರೆ.