ದೊಡ್ಡ ಹೆಸರಿನ ಮಂಡಳಿ, ಯಾರೂ ಕೇಳದ ಪ್ರಶ್ನೆ

ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆಂದು ಅಮೆರಿಕದ ಥೆರನೋಸ್ ಕಂಪನಿ ಹೇಳಿಕೊಂಡಿತ್ತು. 2015ರಲ್ಲಿ ಪತ್ರಕರ್ತ ಜಾನ್ ಕ್ಯಾರಿರೂ ಅದರ ಬಣ್ಣ ಬಯಲು ಮಾಡಿದರು. ಅಂದಿನಿಂದ ಅದರ ಆಡಳಿತ ಮಂಡಳಿಯ ಬಗ್ಗೆ ಅರ್ಧಸತ್ಯಗಳೇ ಹೆಚ್ಚು ಓಡಾಡುತ್ತಿವೆ.

ತಪ್ಪು ಕಲ್ಪನೆ: ಮಂಡಳಿಯಲ್ಲಿ ವೈದ್ಯರೇ ಇರಲಿಲ್ಲ, ಅದಕ್ಕೇ ಮೋಸ ಹೋದರು.

ಸತ್ಯ: ಮಾಜಿ ವಿದೇಶಾಂಗ ಸಚಿವರಾದ ಹೆನ್ರಿ ಕಿಸಿಂಜರ್, ಜಾರ್ಜ್ ಶುಲ್ಟ್ಜ್, ಸೇನಾಧಿಕಾರಿ ಜೇಮ್ಸ್ ಮ್ಯಾಟಿಸ್ ಇದ್ದದ್ದು ನಿಜ. (ರಕ್ತ ಪರೀಕ್ಷೆಗೂ ಜನರಲ್‌ಗಳಿಗೂ ಏನು ಸಂಬಂಧವೋ!) ಆದರೆ ಹೃದಯ ಶಸ್ತ್ರಚಿಕಿತ್ಸಕ ಬಿಲ್ ಫ್ರಿಸ್ಟ್, ಸಾಂಕ್ರಾಮಿಕ ರೋಗತಜ್ಞ ವಿಲಿಯಂ ಫೇಗಿ ಕೂಡ ಅಲ್ಲಿದ್ದರು. ಕೊರತೆ ಇದ್ದದ್ದು ವೈದ್ಯರದಲ್ಲ, ಪ್ರಶ್ನೆ ಕೇಳುವವರದು. ಕಂಪನಿಯ ಸ್ವಂತ ಯಂತ್ರ 'ಎಡಿಸನ್' ಮಾಡುತ್ತಿದ್ದದ್ದು ಬೆರಳೆಣಿಕೆಯ ಪರೀಕ್ಷೆಗಳನ್ನು ಮಾತ್ರ. ಉಳಿದವನ್ನು ಬೇರೆ ಕಂಪನಿಗಳ ಮಾಮೂಲಿ ಯಂತ್ರಗಳಲ್ಲಿ, ಎಷ್ಟೋ ಸಲ ರಕ್ತವನ್ನು ತೆಳುಗೊಳಿಸಿ ಮಾಡಲಾಗುತ್ತಿತ್ತು. 'ಈ ರಿಪೋರ್ಟ್ ಯಾವ ಯಂತ್ರದಿಂದ ಬಂತು?' ಎಂದು ಪಟ್ಟು ಹಿಡಿದು ಕೇಳಲು ವೈದ್ಯಕೀಯ ಪದವಿ ಬೇಕಿಲ್ಲ. ಶುಲ್ಟ್ಜ್ ಅವರ ಮೊಮ್ಮಗ ಟೈಲರ್ ಅಲ್ಲೇ ಕೆಲಸಕ್ಕಿದ್ದವನು, ದೋಷಗಳನ್ನು ತಾತನ ಮುಂದೆಯೇ ಹೇಳಿದ. ತಾತ ನಂಬಿದ್ದು ಸಂಸ್ಥಾಪಕಿ ಎಲಿಜಬೆತ್ ಹೋಮ್ಸ್‌ರನ್ನು. ಮತಾಧಿಕಾರದ ಬಹುಪಾಲು ಆಕೆಯ ಕೈಯಲ್ಲೇ ಇದ್ದುದರಿಂದ, ಮಂಡಳಿ ಎದ್ದು ನಿಂತಿದ್ದರೂ ಆಕೆಯನ್ನು ಕೆಳಗಿಳಿಸುವುದು ಸುಲಭವಿರಲಿಲ್ಲ.

ತಪ್ಪು ಕಲ್ಪನೆ: 'ನಮಗೆ ಗೊತ್ತೇ ಇರಲಿಲ್ಲ' ಎಂದರೆ ನಿರ್ದೇಶಕರು ಪಾರು.

ಸತ್ಯ: ಇದಕ್ಕೆ ಉತ್ತರ ಥೆರನೋಸ್‌ಗಿಂತ ಹಳೆಯ ಇನ್ನೊಂದು ಪ್ರಕರಣದಲ್ಲಿದೆ. ರೋಗಿಗಳನ್ನು ಕಳಿಸಿಕೊಡುವ ವೈದ್ಯರಿಗೆ ಕಮಿಷನ್ ಕೊಟ್ಟ ಆರೋಪದಲ್ಲಿ ಸಿಕ್ಕಿಬಿದ್ದ ಕೇರ್‌ಮಾರ್ಕ್ ಕಂಪನಿ ಸುಮಾರು 25 ಕೋಟಿ ಡಾಲರ್ ತೆರಬೇಕಾಯಿತು. ಅದರ ನಿರ್ದೇಶಕರ ಮೇಲಿನ ದಾವೆಯಲ್ಲಿ 1996ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ನ್ಯಾಯಾಲಯ, ಒಳಗಿನ ತಪ್ಪುಗಳು ಮಂಡಳಿಯ ಕಿವಿಗೆ ಬೀಳುವಂಥ ವ್ಯವಸ್ಥೆ ಮಾಡಿಡುವುದೂ ನಿರ್ದೇಶಕರ ಹೊಣೆ ಎಂದಿತು. ಆದರೆ ಅವರ ದುರುದ್ದೇಶ ಸಾಬೀತಾಗಬೇಕು, ಅದು ಕಷ್ಟ. ಹಾಗಾಗಿ ಇಂಥ ದಾವೆಗಳು ಗೆದ್ದದ್ದು ಅಪರೂಪ.

ತಪ್ಪು ಕಲ್ಪನೆ: ಹೋಮ್ಸ್ ಜೈಲಿಗೆ ಹೋದದ್ದು ರೋಗಿಗಳಿಗೆ ಮೋಸ ಮಾಡಿದ್ದಕ್ಕೆ.

ಸತ್ಯ: 2022ರ ಜನವರಿಯಲ್ಲಿ ಆಕೆ ತಪ್ಪಿತಸ್ಥೆ ಎನಿಸಿದ್ದು ಹೂಡಿಕೆದಾರರನ್ನು ವಂಚಿಸಿದ್ದಕ್ಕೆ. ರೋಗಿಗಳಿಗೆ ಸಂಬಂಧಿಸಿದ ಆರೋಪಗಳಿಂದ ಜ್ಯೂರಿ ಆಕೆಯನ್ನು ಬಿಟ್ಟಿತು. ಆ ಆರೋಪಗಳಲ್ಲೂ ಶಿಕ್ಷೆಯಾದದ್ದು ಜೊತೆಗಾರ ರಮೇಶ್ ಬಲ್ವಾನಿಗೆ. ಮಂಡಳಿಯ ಗಣ್ಯರಲ್ಲಿ ಒಬ್ಬರ ಮೇಲೂ ಕ್ರಿಮಿನಲ್ ಕೇಸು ಬೀಳಲಿಲ್ಲ.